ಅತ್ತೆ ಇನ್ನೂ ಆಕಾಶದಲ್ಲಿದ್ದಾರೆ

"ನಾಳೆಯಿಂದ ಈ ಮನೆಯಲ್ಲಿ ನನ್ನನ್ನ ಮೆರಿಲ್ ಅಂತ ಬರೀ ಹೆಸರಿಟ್ಟು ಕರೆಯೋ ಹಾಗಿಲ್ಲ!" ಎಂದು ಮೆರಿಲ್ ಟೋರ್ಗರ್ಸನ್ ಬುಧವಾರ ಬೆಳಿಗ್ಗೆ ಓಟ್ಸ್ ಗಂಜಿಯ ಮುಂದೆ ಕುಳಿತು ಘೋಷಿಸಿದ.

ಹೆಂಡತಿ ಕೈಸಾ ಮರುದಿನದ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟಕ್ಕೆಂದು ಕುಂಬಳಕಾಯಿ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಮತ್ತೆ ಏನಂತ ಕರೀಬೇಕು?"

"ಡುಲೂತ್ ಟವರ್."

"ಆಯ್ತು. ಡುಲೂತ್ ಟವರ್, ಆ ಗಂಜಿ ಬಟ್ಟಲು ತೊಳೆದಿಡು."

ಇಂಥ ಮಾತುಗಳಿಂದ ಕುಗ್ಗುವ ಗಂಡಸೇ ಮೆರಿಲ್? ಅಲ್ಲವೇ ಅಲ್ಲ! ಬಟ್ಟಲು ತೊಳೆಯುತ್ತಲೇ ಎದೆ ಸೆಟೆಸಿದ.

ಹಗಲಲ್ಲಿ ಅವನು ಕಾರ್ಪೆಟ್ ಅಂಗಡಿಯ ಮಾರಾಟಗಾರ. ಅಲ್ಲಿ ಅವನ ಮಾತನ್ನು ಕೇಳುವ ಪ್ರಾಣಿ ಒಂದೂ ಇಲ್ಲ. ಬೂದು ಬಣ್ಣ ಚೆನ್ನಾಗಿದೆ ಎಂದರೆ ಗಿರಾಕಿ ಕಂದು ಕೇಳುತ್ತಾನೆ. ಕಂದು ಬಿಚ್ಚಿ ಹರಡಿದರೆ ಎದುರಿನ ಅಂಗಡಿಗೆ ಹೋಗುತ್ತಾನೆ. ಆದರೆ ಸಂಜೆ ಮನೆಗೆ ಬಂದು, ಬಟ್ಟೆ ಒಗೆಯುವ ಕೋಣೆಯಲ್ಲಿ ವಾಷಿಂಗ್ ಮೆಷಿನ್‌ಗೂ ಡ್ರೈಯರ್‌ಗೂ ನಡುವೆ ಸಿಕ್ಕಿಸಿಟ್ಟ ಕುರ್ಚಿಯನ್ನು ಏರಿ, ಕಿವಿಗೆ ಹೆಡ್‌ಫೋನ್ ಧರಿಸಿದನೆಂದರೆ ಮುಗಿಯಿತು! ಆಗ ಅವನು ಆಕಾಶದ ಪಾಳೇಗಾರ. ಅವನು ಏರು ಎಂದರೆ ವಿಮಾನ ಏರಬೇಕು, ಇಳಿ ಎಂದರೆ ಇಳಿಯಬೇಕು, ನಿಲ್ಲು ಎಂದರೆ ಇನ್ನೂರು ಸೀಟಿನ ಜೆಟ್ ಕೂಡ ಬಾಲ ಮುದುರಿಕೊಂಡು ನಿಲ್ಲಬೇಕು.

ವಿಮಾನಗಳು ಕಂಪ್ಯೂಟರಿನೊಳಗಿನವು ಎಂಬುದು ನಿಜ. ಆದರೆ ಇದನ್ನು ಯಾರಾದರೂ 'ಆಟ' ಎಂದರೆ ಮೆರಿಲ್‌ಗೆ ಕೆಂಡ ತುಳಿದಂತಾಗುತ್ತಿತ್ತು. ಊರೂರಲ್ಲಿ ತಮ್ಮ ತಮ್ಮ ಮನೆಗಳಲ್ಲೇ ಕುಳಿತ ಸಾವಿರಾರು ಜನ ಪೈಲಟ್‌ಗಳಾಗಿ ಹಾರಿಸುತ್ತಾರೆ; ಇನ್ನು ಕೆಲವರು ಆ ವಿಮಾನಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಯದಂತೆ ಇಳಿಸುವ, ಏರಿಸುವ ಟವರ್‌ಗಳಾಗುತ್ತಾರೆ. ಹೊರಗೆ ನಿಜವಾಗಿ ಹಿಮ ಬಿದ್ದರೆ ಪರದೆಯಲ್ಲೂ ಹಿಮ. ಅಷ್ಟೇ ಅಲ್ಲ, ಅವತ್ತಿನ ನಿಜವಾದ ವಿಮಾನಗಳನ್ನೇ, ಅದೇ ನಂಬರಿನಲ್ಲಿ, ಅದೇ ಹೊತ್ತಿಗೆ ಹಾರಿಸುವುದೆಂದರೆ ಈ ಜನಕ್ಕೆ ಎಲ್ಲಿಲ್ಲದ ಹುರುಪು. ಸಂಬಳ ಯಾರಿಗೂ ಇಲ್ಲ. ಮರ್ಯಾದೆಯೇ ಎಲ್ಲ.

ಆ ಮರ್ಯಾದೆ ಪಡೆಯಲು ತನ್ನೂರು ಡುಲೂತ್‌ನ ಟವರ್ ಪರೀಕ್ಷೆ ಪಾಸಾಗಬೇಕಿತ್ತು. ಹೋದ ಸಲ ಮೆರಿಲ್ ಫೇಲಾಗಿದ್ದ. ಕಾರಣ, ಕಾರ್ಪೆಟ್ ಅಂಗಡಿಯ ನಾಲಿಗೆ! "ದಯವಿಟ್ಟು ತಮಗೆ ಅನುಕೂಲವಾದಾಗ ಇಳಿಯಿರಿ ಸಾರ್. ಈ ರನ್‌ವೇ ಹಿಡಿಸಲಿಲ್ಲವೇ? ಇನ್ನೊಂದು ತೋರಿಸಲೇ?" ಎಂದುಬಿಟ್ಟಿದ್ದ. ಪೈಲಟ್ ಹಿಡಿಸಲಿಲ್ಲ ಎಂದು ಮೇಲಕ್ಕೇರಿ ಹೋಗಿದ್ದ. ಹ್ಯಾಲಿಫ್ಯಾಕ್ಸ್‌ನಲ್ಲಿ ಕುಳಿತ ಪರೀಕ್ಷಕಿ ಡೆಲ್ಫೀನ್ ಕೋಮೋ ಒಂದೇ ಸಾಲು ಬರೆದಿದ್ದಳು: "ಟವರ್ ಅಪ್ಪಣೆ ಕೊಡಬೇಕು, ವ್ಯಾಪಾರ ಮಾಡಬಾರದು."

ಅಂದಿನಿಂದ ಮೆರಿಲ್ ಮನೆಯಲ್ಲೇ ಅಪ್ಪಣೆಯ ಅಭ್ಯಾಸ ಶುರುಮಾಡಿದ. ಟವರ್ ಹೇಳಿದ್ದನ್ನು ಪೈಲಟ್ ಅಕ್ಷರ ತಪ್ಪದೆ ತಿರುಗಿ ಒಪ್ಪಿಸಬೇಕು, ಒಪ್ಪಿಸದಿದ್ದರೆ ಹೇಳಿದ್ದು ಹೇಳಿದಂತಲ್ಲ. ಇದು ಆ ಲೋಕದ ಕಟ್ಟುನಿಟ್ಟಿನ ನಿಯಮ. ಅದನ್ನು ಅವನು ಅಡುಗೆಮನೆಗೂ ತಂದ.

"ಕೈಸಾ, ಹಾಲು, ಬೆಣ್ಣೆ, ಒಂದು ಡಜನ್ ಮೊಟ್ಟೆ. ಒಪ್ಪಿಸು."

"ಹಾಲು, ಬೆಣ್ಣೆ, ಒಂದು ಡಜನ್ ಮೊಟ್ಟೆ. ತಗೊಂಡು ಬರೋನು ನೀನು."

ಒಪ್ಪಿಸಿದ್ದು ಸರಿಯಾಗಿಯೇ ಇತ್ತು, ತಪ್ಪು ಹಿಡಿಯುವಂತಿರಲಿಲ್ಲ. ಮೆರಿಲ್ ಹೋಗಿ ತಂದ.

ಇಷ್ಟೆಲ್ಲ ಹಟ ಯಾರಿಗಾಗಿ? ಡೆಲ್ಫೀನ್‌ಗಾಗಿ ಅಲ್ಲ. ಅತ್ತೆಗಾಗಿ! ಕೈಸಾಳ ತಾಯಿ ಲೆಂಪಿ, ಚಳಿ ಸಾಕೆಂದು ಬಿಸಿಲಿನ ಅರಿಝೋನಾ ಸೇರಿದ್ದ, ಫಿನ್‌ಲ್ಯಾಂಡ್ ಮೂಲದ ಹಳೇಕಾಲದ ಹೆಂಗಸು, ಅಳಿಯನನ್ನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಅದಕ್ಕೂ ಕಾರಣವಿತ್ತು. ಮದುವೆಯ ಹೊಸತರಲ್ಲಿ ಮೆರಿಲ್ ಅತ್ತೆಯ ಹಾಲ್‌ಗೆ ತನ್ನ ಅಂಗಡಿಯ ಅತಿ ದಪ್ಪದ ಕಾರ್ಪೆಟ್ಟನ್ನು ತಾನೇ ಹಾಸಿಕೊಟ್ಟಿದ್ದ. ಎಷ್ಟು ದಪ್ಪವೆಂದರೆ, ಹಾಸಿ ಮುಗಿಸಿದ ಮೇಲೆ ಒಳಕ್ಕೆ ತೆರೆಯಬೇಕಾದ ಬಾಗಿಲು ತೆರೆಯಲೇ ಇಲ್ಲ! ಚರ್ಚಿಗೆ ಹೊರಟಿದ್ದ ಲೆಂಪಿ ಟೋಪಿ, ಕೈಚೀಲ ಸಮೇತ ಕಿಟಕಿಯಿಂದ ಇಳಿದರು. ಬೀದಿಯವರೆಲ್ಲ ನೋಡಿದರು. ಅಂದಿನಿಂದ ಅವರ ಬಾಯಲ್ಲಿ ಅವನಿಗೆ ಒಂದೇ ಬಿರುದು: "ಆ ಕಾರ್ಪೆಟ್‌ನವನು."

ಆ ಕಾರ್ಪೆಟ್‌ನವನು ಇವತ್ತು ಮತ್ತೆ ಪರೀಕ್ಷೆಗೆ ಕೂತು, ಪಾಸಾಗಿ, ಟವರ್ ಆಗಿ, ಏರ್‌ಪೋರ್ಟಿನಲ್ಲಿ ಹಬ್ಬಕ್ಕೆ ಬರುವ ಅತ್ತೆಯನ್ನು ಎದುರುಗೊಂಡು, "ಅತ್ತೆ, ಇಂಥ ವಿಮಾನಗಳನ್ನ ಇಳಿಸೋ ಅಧಿಕಾರ ಈಗ ನನಗಿದೆ" ಎಂದು ಹೇಳಬೇಕು. ಅದನ್ನು ಕೇಳಿ ಅತ್ತೆ ಒಂದೇ ಒಂದು ಸಲ "ಪರವಾಗಿಲ್ವೇ!" ಎನ್ನಬೇಕು. ಅವನ ಬಾಳಿನ ಆಸೆ ಇಷ್ಟೇ.

"ಪರೀಕ್ಷೆ ಮುಗೀತಿದ್ದ ಹಾಗೇ ನಾನೇ ಹೋಗಿ ಅತ್ತೇನ ಕರ್ಕೊಂಡು ಬರ್ತೀನಿ," ಎಂದ.

"ಅದಕ್ಕೆ ಮುಂಚೆ ಕಾರು ಹೊರಗೆ ಬರೋ ದಾರಿಯ ಹಿಮ ಎತ್ತಿಹಾಕು. ರಸ್ತೆ ಬಾಚೋ ಗಾಡಿ ಬಂದು ಗೇಟಿನ ಎದುರು ಗುಡ್ಡೆ ಮಾಡಿ ಹೋಗಿದೆ."

"ಎತ್ತಿ ಹಾಕ್ತೀನಿ."

"ಒಪ್ಪಿಸು."

"ಕಾರಿನ ದಾರಿ, ಹಿಮ, ಗುಡ್ಡೆ, ಎತ್ತಿ ಹಾಕ್ತೀನಿ."

ಒಪ್ಪಿಸಿದ. ಎತ್ತಿಹಾಕಲಿಲ್ಲ. ಗಂಟಲು ಸರಿಮಾಡಿಕೊಳ್ಳುವುದು, ಕುರ್ಚಿ ಒರೆಸುವುದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಳ್ಳುವುದು ಇವೇ ಮುಗಿಯುವಷ್ಟರಲ್ಲಿ ಪರೀಕ್ಷೆಯ ಹೊತ್ತಾಯಿತು. ಡೆಲ್ಫೀನ್‌ಗೆ ಅಂಗಿ ಕಾಣಿಸುವುದಿಲ್ಲ. ಆದರೂ ಗತ್ತು ಗತ್ತೇ!

ಹಬ್ಬದ ಹಿಂದಿನ ದಿನ ಅಮೆರಿಕದ ಜನವೆಲ್ಲ ವಿಮಾನ ಹತ್ತುತ್ತಾರೆ. ಕಂಪ್ಯೂಟರಿನ ಆಕಾಶದಲ್ಲೂ ಅವತ್ತು ಜಾತ್ರೆಯೋ ಜಾತ್ರೆ. ಮೆರಿಲ್ ಕಾಲ ಕೆಳಗಿನ ಪೆಡಲ್ ಒತ್ತಿದ. ಕೈಸಾಳ ಹೊಲಿಗೆ ಮೆಷಿನ್ನಿನಿಂದ ಕಿತ್ತು ತಂದ ಪೆಡಲ್ ಅದು. ಒತ್ತಿದರೆ ಅವನ ಮಾತು ಎಲ್ಲ ಪೈಲಟ್‌ಗಳಿಗೂ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ.

"ಎಲ್ಲರೂ ಗಮನಿಸಿ. ಇದು ಡುಲೂತ್ ಟವರ್!"

ಆಹಾ, ಆ ಧ್ವನಿ! ಪಕ್ಕದಲ್ಲಿ ಡ್ರೈಯರ್ ಕೂಡ ಗಪ್ಪನೆ ಗಡಗಡ ನಿಲ್ಲಿಸಿತು. ಬಟ್ಟೆ ಒಣಗಿತ್ತು.

ಮೆರಿಲ್ ಅಂದು ತಾನೇ ತಾನಾಗಿದ್ದ. "ನೀವು ಕಾಯಿರಿ. ನೀವು ಇಳಿಯಿರಿ. ನೀವು ಬಲಕ್ಕೆ ತಿರುಗಿ." ಒಂದು ದಯವಿಟ್ಟು ಇಲ್ಲ, ಒಂದು ಸಾರ್ ಇಲ್ಲ! ಒಬ್ಬ ಪೈಲಟ್ ಮೂರು ಸಾವಿರ ಅಡಿ ಎಂದಿದ್ದನ್ನು ನಾಲ್ಕು ಸಾವಿರ ಎಂದು ಒಪ್ಪಿಸಿದಾಗ ಗಪ್ಪನೆ ಹಿಡಿದು ತಿದ್ದಿದ. ಕಿವಿಯಲ್ಲಿ ಡೆಲ್ಫೀನ್ "ಹೂಂ, ಚೆನ್ನಾಗಿ ಹಿಡಿದ್ರಿ" ಎಂದಳು. ಮೆರಿಲ್‌ಗೆ ಕುರ್ಚಿಯೇ ಒಂದು ಅಡಿ ಮೇಲೆದ್ದಂತಾಯಿತು.

ಅಷ್ಟರಲ್ಲಿ ಪರದೆಯ ಕೆಳಮೂಲೆಯಲ್ಲಿ ಒಂದು ಹೊಸ ಚುಕ್ಕೆ. ಮಿನಿಯಾಪೊಲಿಸ್‌ನಿಂದ ಬರುತ್ತಿದೆ. ನಂಬರು ನಾಲ್ಕು ನಾಲ್ಕು ಒಂದು ಏಳು. ಅರೆ! ಅರಿಝೋನಾದಿಂದ ಹೊರಟ ಅತ್ತೆ ಅಲ್ಲಿ ಬದಲಿಸಿ ಹತ್ತಿದ ವಿಮಾನ!

ಬೇರೆ ದಿನವಾಗಿದ್ದರೆ, ಇದು ಯಾರೋ ಹವ್ಯಾಸಿ ತನ್ನ ಮನೆಯಲ್ಲಿ ಕುಳಿತು ಹಾರಿಸುತ್ತಿರುವ ನಕಲು, ನಿಜವಾದದ್ದು ನಿಜವಾದ ಆಕಾಶದಲ್ಲಿದೆ ಎಂದು ಎಳೆಮಗುವಿಗೂ ಹೊಳೆಯುವ ಸಂಗತಿ ಮೆರಿಲ್‌ಗೂ ಹೊಳೆಯುತ್ತಿತ್ತು. ಆದರೆ ಅಂದು ಅವನ ತಲೆಯಲ್ಲಿ ಬೇರೆ ಆಕಾಶವೇ ಇರಲಿಲ್ಲ. ಅದೇ ಹೊತ್ತಿಗೆ ಅಡುಗೆಮನೆಯಿಂದ ಕೈಸಾ ಕೂಗಿದಳು.

"ಮೆರಿಲ್! ಅಮ್ಮನ ವಿಮಾನ ಎಲ್ಲಿಗೆ ಬಂತು? ಹೊರಡೋ ಹೊತ್ತಾಗ್ಲಿಲ್ವಾ?"

"ಇನ್ನೂ ಅರ್ಧ ದಾರೀಲಿ, ಹಿಂಕ್ಲಿ ಊರಿನ ಮೇಲಿದೆ!"

"ಸರಿಯಾಗಿ ಫೋನಲ್ಲಿ ನೋಡಿ ಹೇಳೋ!"

"ಫೋನ್ ಯಾಕೆ? ಇಡೀ ಆಕಾಶವೇ ನನ್ನ ಕಣ್ಣ ಮುಂದಿದೆ! ಸಾಲಲ್ಲಿ ಇನ್ನೂ ಆರು ವಿಮಾನ ಇದೆ. ಹಿಮ ಬೇರೆ. ಅತ್ತೇನ ಸರೋವರದ ಮೇಲೆ ಸುತ್ತು ಹಾಕಿಸ್ತೀನಿ."

"ಯಾರು, ನೀನಾ? ನಮ್ಮಮ್ಮನ್ನಾ?"

"ನಿಯಮ ಅಂದ್ರೆ ನಿಯಮ ಕಣೇ. ಅತ್ತೆ ಅಂತ ಸಾಲು ತಪ್ಪಿಸಿ ಬಿಡಕ್ಕಾಗುತ್ತಾ?"

ಕೈಸಾಳ ಎರಡೂ ಕೈ ಟರ್ಕಿ ಕೋಳಿಯ ಹೊಟ್ಟೆಯೊಳಗಿದ್ದವು. ಹಿಮಕ್ಕೆ ವಿಮಾನ ತಡವಾಗಿರಬೇಕು, ಇವನು ಅದನ್ನೇ ತನ್ನ ಧಾಟಿಯಲ್ಲಿ ಜಂಬ ಕೊಚ್ಚಿ ಹೇಳುತ್ತಿದ್ದಾನೆ ಎಂದುಕೊಂಡು ಕೋಳಿಗೆ ಬ್ರೆಡ್ಡು, ಈರುಳ್ಳಿ ತುಂಬುವುದನ್ನು ಮುಂದುವರಿಸಿದಳು.

ಮೆರಿಲ್ ಪೆಡಲ್ ಒತ್ತಿ, ನಾಲ್ಕು ನಾಲ್ಕು ಒಂದು ಏಳಕ್ಕೆ ಆರು ಸಾವಿರ ಅಡಿಯಲ್ಲಿ, ಸುಪೀರಿಯರ್ ಸರೋವರದ ಮೇಲೆ, ಬಲಕ್ಕೆ ಸುತ್ತು ಹಾಕುತ್ತಿರುವಂತೆ ಅಪ್ಪಣೆ ಮಾಡಿದ. ಪೈಲಟ್ ಅಕ್ಷರ ತಪ್ಪದೆ ಒಪ್ಪಿಸಿದ. ಚುಕ್ಕೆ ವಿಧೇಯವಾಗಿ ತಿರುಗಿತು. ಅದನ್ನು ನೋಡುತ್ತ ಮೆರಿಲ್‌ಗೆ ಉಕ್ಕಿದ ಹೆಮ್ಮೆಯನ್ನು ಏನೆಂದು ಹೇಳುವುದು! ಇಷ್ಟು ವರ್ಷ ತನ್ನನ್ನು ಬೆರಳ ತುದಿಯಲ್ಲಿ ಕುಣಿಸಿದ ಅತ್ತೆ ಈಗ ತನ್ನ ಕಾಲ ತುದಿಯ ಪೆಡಲ್ಲಿಗೆ ಸುತ್ತುತ್ತಿದ್ದಾರೆ! ಇನ್ನೊಂದು ಸುತ್ತು ಸುತ್ತಲಿ ಎಂದು ಅವನಿಗೆ ಅನಿಸಿದ್ದು ಸುಳ್ಳಲ್ಲ. ಸಾಲು ಖಾಲಿಯಾಗುತ್ತ ಬಂದರೂ ಇನ್ನೊಂದು ಸುತ್ತು ಸುತ್ತಿಸಿದ.

ಫೋನ್ ಬಡಿದುಕೊಂಡಿತು. ಪರದೆಯಿಂದ ಕಣ್ಣು ತೆಗೆಯದೆ ಅದರ ಸ್ಪೀಕರ್ ಒತ್ತಿದ.

"ಮೆರಿಲ್, ನಾನು ಲೆಂಪಿ. ಬಂದಿದ್ದೀನಿ. ಎಲ್ಲಿದ್ದೀಯಾ?"

ಮಾತಾಡುವಾಗ ಪೆಡಲ್ ಒತ್ತುವುದು ಮೆರಿಲ್‌ನ ಕಾಲಿಗೆ ಅಂಟಿದ ಅಭ್ಯಾಸ. ಒತ್ತಿಯೇ ಮಾತಾಡಿದ. ಒತ್ತಿದ ಕಾಲನ್ನು ಮೇಲೆತ್ತಲೂ ಇಲ್ಲ.

"ಅತ್ತೆ, ನೀವು ಬಂದಿಲ್ಲ."

"ಏನಂದೆ?"

"ನೀವಿನ್ನೂ ಸರೋವರದ ಮೇಲಿದ್ದೀರಿ. ಆರು ಸಾವಿರ ಅಡಿ ಎತ್ತರದಲ್ಲಿ."

"ಏರ್‌ಪೋರ್ಟ್ ಬಾಗಿಲ ಮುಂದೆ ನಿಂತಿದ್ದೀನಿ ಕಣೋ! ನಿಂತೂ ನಿಂತೂ ಕಾಲು ಮರಗಟ್ಟಿ ಹೋಗಿದೆ! ಮೈಮೇಲೆ ಹತ್ತಿ ಕೋಟು!"

"ಸಾಧ್ಯವೇ ಇಲ್ಲ ಅತ್ತೆ. ನೀವು ಇಳಿಯಕ್ಕೆ ನಾನಿನ್ನೂ ಅನುಮತಿನೇ ಕೊಟ್ಟಿಲ್ಲ!"

ಅಷ್ಟರಲ್ಲಿ ಹೆಡ್‌ಫೋನ್ ಮೆಲ್ಲಗೆ ಕೆಮ್ಮಿತು.

"ಟವರ್, ಇದು ನಾಲ್ಕು ನಾಲ್ಕು ಒಂದು ಏಳು. ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ವಿಮಾನದಲ್ಲಿ ನಿಮ್ಮ ಅತ್ತೆ ಇಲ್ಲ. ನಾನು ಟಲ್ಸಾ ಊರಿನ ಹಲ್ಲಿನ ಡಾಕ್ಟರು. ಮನೇಲಿ ನನ್ನ ಜೊತೆ ಇರೋದು ಒಂದು ಬೆಕ್ಕು ಮಾತ್ರ. ಅದನ್ನ ಹೊರಗೆ ಬಿಟ್ಟು ಬರೋಷ್ಟರಲ್ಲಿ ಹೊರಡೋದು ತಡವಾಯ್ತು. ನಿಜವಾದ ವಿಮಾನ ಯಾವಾಗಲೋ ಇಳಿದಿರಬೇಕು."

ಮೆರಿಲ್‌ನ ಜಂಬವೆಲ್ಲ ಆರು ಸಾವಿರ ಅಡಿಯಿಂದ ದೊಪ್ಪೆಂದು ಬಿತ್ತು. ಅತ್ತೆ! ಹತ್ತಿ ಕೋಟು! ನಿಜವಾದ ಹಿಮ! "ಪರವಾಗಿಲ್ವೇ" ಎನಿಸಿಕೊಳ್ಳಬೇಕೆಂದು ಕನಸು ಕಂಡ ಬಾಯಿಂದಲೇ ಆ ಮಹಾತಾಯಿಗೆ ಅವರು ಬಂದಿಲ್ಲ ಎಂದು ವಾದಿಸಿಬಿಟ್ಟಿದ್ದ. ಫೋನ್ ನೋಡಿದರೆ ಅವರು ಕಟ್ ಮಾಡಿಯಾಗಿತ್ತು.

ಥಟ್ಟನೆ ಎದ್ದು ನಿಂತ. "ಡುಲೂತ್ ಟವರ್, ಕೂತ್ಕೊಳ್ಳಿ!" ಎಂದಳು ಕುರ್ಚಿಯ ಸದ್ದು ಕೇಳಿಸಿಕೊಂಡ ಡೆಲ್ಫೀನ್, ಕಿವಿಯಲ್ಲಿ. "ವಿಮಾನಗಳು ಮೇಲಿರೋವಾಗ ಕುರ್ಚಿ ಬಿಟ್ರೆ ಫೇಲ್. ನಿಯಮ ಗೊತ್ತಲ್ಲ?"

ಗೊತ್ತಿತ್ತು. ಇತ್ತ ಅತ್ತೆ, ಅತ್ತ ಪದವಿ! ಹೆಡ್‌ಫೋನ್ ತಂತಿಯಲ್ಲಿ ಕಟ್ಟಿಹಾಕಿದ ಕರುವಿನಂತೆ ಮೆರಿಲ್ ನಿಂತಲ್ಲೇ ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಆಡಿದ. ಅಷ್ಟರಲ್ಲಿ ಬಾಗಿಲಲ್ಲಿ ಕೈಸಾ ಕಾಣಿಸಿಕೊಂಡಳು. ಮೊಳಕೈವರೆಗೂ ಬೆಣ್ಣೆ. ಕೈಯಲ್ಲಿ ಅವಳ ಫೋನು. ಮುಖದಲ್ಲಿ ಅವಳಮ್ಮ.

"ಅಮ್ಮ ಫೋನ್ ಮಾಡಿದ್ರು. 'ನಾನು ಸತ್ತು ಸ್ವರ್ಗಕ್ಕೆ ಹೋಗಿದ್ದೀನಂತೆ, ಇನ್ನೂ ಕೆಳಗೆ ಇಳಿದಿಲ್ಲ ಅಂತ ನಿನ್ ಗಂಡ ಹೇಳ್ತಾನೆ, ಅವನನ್ನ ಡಾಕ್ಟರಿಗೆ ತೋರಿಸು' ಅಂದ್ರು."

"ಡಾಕ್ಟರ್ ಒಬ್ರು ಸಾಲಲ್ಲೇ ಇದ್ದಾರೆ. ಹಲ್ಲಿನೋರು."

"ಕಾರಿನ ಕೀ ಕೊಡು. ನಾನೇ ಹೋಗ್ತೀನಿ."

ಮೆರಿಲ್ ಕೀ ಕೊಡಲಿಲ್ಲ. ಕಿಟಕಿಯ ಕಡೆ ನೋಡಿದ. ಕೈಸಾ ಕೂಡ ನೋಡಿದಳು. ಗೇಟಿನ ಎದುರಿನ ಹಿಮದ ಗುಡ್ಡೆ ಬೆಳಿಗ್ಗೆ ಸೊಂಟದೆತ್ತರವಿದ್ದದ್ದು ಈಗ ಎದೆಯೆತ್ತರವಾಗಿತ್ತು.

ಕೈಸಾ ಕೂಗಾಡಲಿಲ್ಲ. ಅದೇ ಹೆದರಿಕೆಯ ವಿಷಯ. ಬೆಣ್ಣೆ ಕೈಯಲ್ಲೇ ಅವನ ತಲೆಯಿಂದ ಹೆಡ್‌ಫೋನ್ ಕಿತ್ತು ತನ್ನ ತಲೆಗೆ ಹಾಕಿಕೊಂಡಳು. ಕುರ್ಚಿಯಲ್ಲಿ ಕುಳಿತಳು. ತನ್ನ ಹೊಲಿಗೆ ಮೆಷಿನ್ನಿನ ಪೆಡಲ್ಲನ್ನು ಗುರುತು ಹಿಡಿದು, ಹಲ್ಲು ಕಚ್ಚಿ ಒತ್ತಿದಳು.

"ಎಲ್ರೂ ಕೇಳಿಸ್ಕೊಳ್ಳಿ. ಡುಲೂತ್ ಟವರ್ ಮುಚ್ಚಿದೆ. ಇಳಿಯೋರು ಒಬ್ಬೊಬ್ಬರಾಗಿ, ಜಗಳ ಆಡದೆ, ನೀವು ನೀವೇ ಇಳ್ಕೊಳ್ಳಿ. ಆಮೇಲೆ ಕಂಪ್ಯೂಟರ್ ಆರಿಸಿ. ಹಬ್ಬಕ್ಕೆ ಬರೋ ಅತ್ತೆಯಂದಿರನ್ನ ಹೋಗಿ ಕರ್ಕೊಂಡು ಬನ್ನಿ. ಒಪ್ಪಿಸಿ!"

ಒಂದಾದ ಮೇಲೊಂದು ಧ್ವನಿ ಬಂತು.

"ಟವರ್ ಮುಚ್ಚಿದೆ, ಜಗಳ ಆಡದೆ ಇಳೀತೀನಿ, ಅತ್ತೇನ ಕರ್ಕೊಂಡು ಬರ್ತೀನಿ."

"ಟವರ್ ಮುಚ್ಚಿದೆ, ಇಳೀತೀನಿ, ಅತ್ತೇನ ಕರ್ಕೊಂಡು ಬರ್ತೀನಿ."

"ನಾಲ್ಕು ನಾಲ್ಕು ಒಂದು ಏಳು. ಸುತ್ತೋದು ನಿಲ್ಲಿಸಿ ಇಳೀತೀನಿ. ನನಗೆ ಅತ್ತೆ ಇಲ್ಲ, ಬೆಕ್ಕನ್ನ ಕರ್ಕೊಂಡು ಬರ್ತೀನಿ."

ಒಬ್ಬರೂ ಎದುರಾಡಲಿಲ್ಲ! ಅವಮಾನದ ನಡುವೆಯೂ ಮೆರಿಲ್‌ಗೆ ಮೈ ಜುಮ್ಮೆಂದಿತು. ಎಂಥ ಅಪ್ಪಣೆ! ಎಂಥ ಶಿಸ್ತು! ಯಾರ ಹೆಂಡತಿ ಎಂದುಕೊಂಡಿರಿ! ಎಂದು ಹೇಳಲು ಬಾಯಿ ತೆರೆದ. ಕೈಸಾ ಬಾಗಿಲ ಹಿಂದಿದ್ದ ಹಿಮದ ಸಲಿಕೆಯತ್ತ ಬೆರಳು ತೋರಿಸಿದಳು. ಬಾಯಿ ಮುಚ್ಚಿ ಸಲಿಕೆ ಎತ್ತಿಕೊಂಡು ಹೊರಗೆ ಹೋದ.

ಬಿಳಿ ಅಂಗಿಯ ಮೇಲೆ ಕೋಟು ಏರಿಸಿ ಗುಡ್ಡೆಯನ್ನು ಅರ್ಧ ಕರಗಿಸುವಷ್ಟರಲ್ಲಿ ಒಂದು ಹೋಟೆಲ್ ವ್ಯಾನು ಬಂದು ನಿಂತಿತು. ಯಾವುದೋ ಹೋಟೆಲಿನ ಗಿರಾಕಿಗಳನ್ನು ಒಯ್ಯಲು ಏರ್‌ಪೋರ್ಟಿಗೆ ಬಂದಿದ್ದ ಚಾಲಕನನ್ನು ಲೆಂಪಿ ಏನೆಂದು ಹೆದರಿಸಿದ್ದರೋ, ಅವನು ಪೆಟ್ಟಿಗೆ ಇಳಿಸಿಕೊಟ್ಟು, ಟೋಪಿ ತೆಗೆದು ನಮಸ್ಕರಿಸಿ, ಹಿಂದೆ ನೋಡದೆ ಹೊರಟುಹೋದ. ಕ್ಯಾನ್ವಾಸ್ ಬೂಟಿನಲ್ಲಿ, ಹತ್ತಿ ಕೋಟಿನಲ್ಲಿ, ಮೂಗು ಕೆಂಪಗೆ ಮಾಡಿಕೊಂಡು ಲೆಂಪಿ ಹಿಮದ ಗುಡ್ಡೆ ಹತ್ತಿ ಇಳಿದರು. ಅಳಿಯನ ಎದುರು ನಿಂತರು.

"ಸರಿಯಾಗಿ ನೋಡಿ ಹೇಳಪ್ಪ. ನಾನು ಇಳಿದಿದ್ದೀನೋ ಇಲ್ವೋ?"

"ಇಳಿದಿದ್ದೀರಿ ಅತ್ತೆ."

"ಅನುಮತಿ ಇದೆ ತಾನೇ?"

"ಇದೆ ಅತ್ತೆ. ತಪ್ಪಾಯ್ತು ಅತ್ತೆ. ನಿಮ್ಮ ಹತ್ರ ಭೇಷ್ ಅನ್ನಿಸ್ಕೋಬೇಕು ಅಂತಿದ್ದೆ, ಹೀಗಾಗೋಯ್ತು."

ಲೆಂಪಿ ಒಂದು ಗಳಿಗೆ ಅವನ ಮುಖ ನೋಡಿದರು. ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದರು. ಬಾಗಿಲ ಚಿಲಕ ಒಳಗಿನಿಂದ ಬಿದ್ದ ಸದ್ದು ಚೆನ್ನಾಗಿಯೇ ಕೇಳಿಸಿತು.

ಮೆರಿಲ್ ಗುಡ್ಡೆ ಪೂರ್ತಿ ತೆಗೆದ. ದಾರಿ ಬಾಚಿದ. ಬಾಗಿಲು ತಟ್ಟಿದ. ತೆರೆಯಲಿಲ್ಲ. ಅಡುಗೆಮನೆಯ ಕಿಟಕಿಯ ಹಿಂದೆ ತಾಯಿ ಮಗಳು ಬಿಸಿ ಕಾಫಿ ಹಿಡಿದು ಕುಳಿತಿದ್ದರು. ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಕೈಸಾ.

"ನಿನ್ನ ಡೆಲ್ಫೀನ್ ಬರೆದಿದ್ದಾಳೆ. ಓದ್ತೀನಿ ಕೇಳು. 'ಕುರ್ಚಿ ಬಿಟ್ಟಿದ್ದಕ್ಕೆ ಫೇಲ್. ಆದರೆ ಅಲ್ಲಿಯವರೆಗೆ ನಾನು ಕಂಡ ಅಭ್ಯರ್ಥಿಗಳಲ್ಲೇ ಅಚ್ಚುಕಟ್ಟು. ವ್ಯಾಪಾರದ ನಾಲಿಗೆ ಪೂರಾ ಹೋಗಿದೆ. ಮುಂದಿನ ತಿಂಗಳು ಮತ್ತೆ ಬನ್ನಿ. ಕೊನೆಯಲ್ಲಿ ಮಾತಾಡಿದ ಮಹಿಳೆಗೆ ಪರೀಕ್ಷೆಯ ಅಗತ್ಯವಿಲ್ಲ.'"

ಅಚ್ಚುಕಟ್ಟು! ಮೆರಿಲ್‌ನ ಎದೆ ಆ ಚಳಿಯಲ್ಲೂ ಉಬ್ಬಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬರೀ ಹಿಮ ಮೆತ್ತಿತ್ತು. "ಅತ್ತೆಗೂ ಓದಿ ಹೇಳಿದ್ಯಾ?"

"ಹೇಳಿದೆ. ತಡಿ, ಅಮ್ಮ ಮಾತಾಡ್ತಾರಂತೆ."

ಲೆಂಪಿಯ ಧ್ವನಿ ಬಂತು. ನಿಧಾನ, ಸ್ಪಷ್ಟ, ಒಂದು ದಯವಿಟ್ಟು ಇಲ್ಲ.

"ಕಾರ್ಪೆಟ್‌ನವನೇ, ಇದು ಅಡುಗೆಮನೆ. ಸಾಲಲ್ಲಿ ಕಾಫಿ ಇದೆ, ಪೈ ಇದೆ, ನನ್ನ ಕಾಲಿಗೆ ಬಿಸಿನೀರಿದೆ. ನಿನ್ನ ಸರದಿ ಆಮೇಲೆ. ಅಲ್ಲಿವರೆಗೂ ಮನೆ ಸುತ್ತ ಬಲಕ್ಕೆ ಸುತ್ತು ಹಾಕ್ತಿರು. ಒಪ್ಪಿಸು."

"ಅಡುಗೆಮನೆ, ಕಾಫಿ, ಪೈ, ಬಿಸಿನೀರು ಆದ್ಮೇಲೆ ನನ್ನ ಸರದಿ. ಅಲ್ಲಿವರೆಗೂ ಮನೆ ಸುತ್ತ ಬಲಕ್ಕೆ ಸುತ್ತು ಹಾಕ್ತಿರ್ತೀನಿ."

ಸುತ್ತಿದ. ಮೂಲೆಗಳಲ್ಲಿ ಎಷ್ಟು ಬೇಕೋ ಅಷ್ಟೇ ವಾಲಿ, ಹಿಂದಿನ ಸುತ್ತಿನ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು, ಹಿಮದ ಮೇಲೆ ಗೆರೆ ಎಳೆದಂಥ ದಾರಿ ಬೀಳುವಂತೆ ಸುತ್ತಿದ. ಸುತ್ತುವುದಾದರೂ ಸರಿಯಾಗಿ ಸುತ್ತಬೇಡವೇ? ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು. ಅವರಿಗೆ ಕೈಬೀಸಿ ಮುಂದೆ ಹೋದ. ಪ್ರತಿ ಸುತ್ತಿಗೂ ಕಿಟಕಿಯಲ್ಲಿ ಅತ್ತೆಯ ಮುಖ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗುತ್ತಿದ್ದದ್ದು ಅವನಿಗೆ ಕಂಡಿತು. ಕೊನೆಗೊಮ್ಮೆ ಅವರು ಕಾಫಿ ಬಟ್ಟಲು ಕೆಳಗಿಟ್ಟು, ಮಗಳ ಕಡೆ ತಿರುಗಿ, ಅವನಿಗೆ ಕೇಳಿಸಲಿ ಎಂದೇ ಫೋನ್ ಬಾಯಿಗೆ ಹಿಡಿದು ಅಂದರು:

"ಪರವಾಗಿಲ್ವೇ! ಹೇಳಿದ್ದನ್ನ ಒಂದಕ್ಷರ ತಪ್ಪದೆ ಮಾಡ್ತಾನೆ."

ಮೆರಿಲ್ ನಿಂತುಬಿಟ್ಟ. ಅಂದರು! ಅತ್ತೆ ಅಂದೇಬಿಟ್ಟರು! ಕಣ್ಣಲ್ಲಿ ನೀರು ಬಂದು ರೆಪ್ಪೆಗೆ ಅಂಟಿಕೊಂಡಿತು. ಅಂಗಿ ಸರಿಮಾಡಿಕೊಂಡು, ಬೂಟಿನ ಹಿಮ ಕೊಡವಿ, ರಾಜಗಾಂಭೀರ್ಯದಿಂದ ಮುಂಬಾಗಿಲ ಕಡೆ ನಡೆದ.

"ನಿಲ್ಲು!" ಎಂದಿತು ಫೋನು. "ಆ ಕಡೆ ಎಲ್ಲಿಗೆ? ಬಾಗಿಲಿಂದ ಬರಕ್ಕೆ ಅನುಮತಿ ಯಾರು ಕೊಟ್ರು?"

ಅಡುಗೆಮನೆಯ ಕಿಟಕಿ ಕಿರ್ರೆಂದು ಮೇಲಕ್ಕೆ ಸರಿಯಿತು. ಲೆಂಪಿ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತರು. ತಲೆಯ ಮೇಲೆ ಚರ್ಚಿಗೆ ಹೋಗುವ ಟೋಪಿ.

"ಕಿಟಕಿಯಿಂದ ಒಳಕ್ಕೆ ಇಳಿ. ಒಪ್ಪಿಸು."